ಬಡಿಸುವ ಕೈಗೆ ಸಲ್ಲಬೇಕಾದ ಮನ್ನಣೆ

ಶಿವಮೊಗ್ಗದ ಬಿ.ಎಚ್. ರಸ್ತೆ, ನೆಹರೂ ರಸ್ತೆ, ದುರ್ಗಿಗುಡಿಗಳಲ್ಲಿಯೂ ಭದ್ರಾವತಿಯ ರಂಗಪ್ಪ ವೃತ್ತದ ಆಸುಪಾಸಿನಲ್ಲಿಯೂ ಹೋಟೆಲುಗಳು ಹೆಚ್ಚುತ್ತಿರುವುದು ಊರು ಬೆಳೆಯುತ್ತಿರುವುದರ ಲಕ್ಷಣವೆಂದು ಸಂತೋಷಪಡತಕ್ಕ ವಿಷಯವೇ ಸರಿ. ಆದರೆ ಹೊಸದಾಗಿ ಬಾಗಿಲು ತೆರೆಯುವ ಉಪಾಹಾರಗೃಹಗಳಲ್ಲಿ ಅನೇಕವು, ಅತಿಥಿಯು ಗಲ್ಲಾದ ಮುಂದೆ ಹಣ ತೆತ್ತು, ಟೋಕನ್ ಪಡೆದು, ಅದನ್ನು ಅಡುಗೆಮನೆಯ ಕಿಂಡಿಯಲ್ಲಿ ಒಪ್ಪಿಸಿ, ತಟ್ಟೆಯನ್ನು ತಾನೇ ಹಿಡಿದು ತಂದು, ಎದೆಯೆತ್ತರದ ಮೇಜಿನ ಬಳಿ ನಿಂತು ತಿಂದು ಹೊರಡುವ ಪದ್ಧತಿಯೊಂದನ್ನೇ ಅಂಗೀಕರಿಸುತ್ತಿರುವುದನ್ನು ನೋಡಿದಾಗ, ಹೋಟೆಲೆಂಬ ಸಂಸ್ಥೆಯ ಒಂದು ಮುಖ್ಯವಾದ ಅಂಗವು ನಮ್ಮ ಕಣ್ಣೆದುರಿಗೇ ಕ್ಷೀಣಿಸುತ್ತಿದೆಯೆಂಬ ವ್ಯಥೆಯುಂಟಾಗುತ್ತದೆ. ಆ ಅಂಗವೇ ಬಡಿಸುವಿಕೆ. ರುಚಿ, ಶುಚಿ, ಬೆಲೆ ಈ ಮೂರನ್ನೂ ಕುರಿತು ಪತ್ರಿಕೆಗಳಲ್ಲಿ ಚರ್ಚೆ ನಡೆಯುತ್ತದೆ; ಆದರೆ ಅನ್ನವನ್ನು ನಮ್ಮ ಮುಂದಕ್ಕೆ ತಂದಿರಿಸುವ ಮನುಷ್ಯನನ್ನು ಕುರಿತು, ಅವನ ವಿದ್ಯೆಯನ್ನು ಕುರಿತು, ಯಾರೂ ಒಂದು ಮಾತನ್ನಾಡುವುದಿಲ್ಲ. ಬಡಿಸುವುದು ಒಂದು ವಿದ್ಯೆಯೆಂದು ಒಪ್ಪಿ, ಅದನ್ನು ಬಲ್ಲವನಿಗೆ ತಕ್ಕ ಸಂಬಳವನ್ನೂ ಗೌರವವನ್ನೂ ಕೊಟ್ಟಲ್ಲದೆ ನಮ್ಮ ಹೋಟೆಲುಗಳಲ್ಲಿ ಉಪಚಾರವು ಉಳಿಯಲಾರದೆಂಬುದೇ ಈ ಲೇಖನದ ಅಭಿಪ್ರಾಯ.

ನಮ್ಮ ಪೂರ್ವಿಕರು ಉಣಬಡಿಸುವ ಕ್ರಮವನ್ನು ಪಾಕದಷ್ಟೇ ಗಂಭೀರವಾದ ವಿಷಯವೆಂದು ಎಣಿಸಿದ್ದರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗಕ್ಕೂ ಪಾನೀಯಭೋಗಕ್ಕೂ ಬೇರೆ ಬೇರೆ ಪ್ರಕರಣಗಳಿವೆ. ನಮ್ಮ ಜಿಲ್ಲೆಯವನೇ ಆದ ಕೆಳದಿಯ ಅರಸು ಬಸವಪ್ಪನಾಯಕನು (ಆಳಿಕೆ 1697–1714) ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶಸದೃಶವಾದ ಮಹಾಗ್ರಂಥದಲ್ಲಿ ರಾಜನೀತಿ, ಸಂಗೀತ, ಶಿಲ್ಪಾದಿಗಳ ನಡುವೆ ಪಾಕಶಾಸ್ತ್ರಕ್ಕೂ ಸ್ಥಾನ ದೊರೆತಿದೆ. ಅರಮನೆಯ ಮಾತು ಹಾಗಿರಲಿ. ಮಲೆನಾಡಿನ ಸಾಮಾನ್ಯ ಗೃಹಸ್ಥನ ಮನೆಯಲ್ಲಿಯೂ ಬಂದವರ ಕಾಲಿಗೆ ನೀರು ಕೊಟ್ಟು, ಕುಡಿಯುವುದಕ್ಕೆ ಬೆಲ್ಲ-ನೀರನ್ನಿಟ್ಟು, ಅವರ ದಣಿವು ತುಸು ಆರಿದ ಮೇಲೆಯೇ ಊಟದ ಮಾತೆತ್ತುವುದು ವಾಡಿಕೆಯಾಗಿತ್ತು.

ಎಲೆಯ ಮೇಲಿನ ಕ್ರಮವನ್ನೇ ವಿಚಾರಿಸೋಣ. ಬಾಳೆಯ ಎಲೆಯ ಕುಡಿಯು ಉಣ್ಣುವವನ ಎಡಕ್ಕೆ ಬರಬೇಕು; ಉಪ್ಪು, ಉಪ್ಪಿನಕಾಯಿ, ಚಟ್ನಿ, ಕೋಸಂಬರಿ, ಪಲ್ಯಗಳು ಎಲೆಯ ಮೇಲ್ಭಾಗದಲ್ಲಿ ಸಾಲುಗೊಳ್ಳಬೇಕು; ಅನ್ನವು ಕೆಳಭಾಗದಲ್ಲಿ, ಕೈಗೆ ಸಮೀಪವಾಗಿ, ಇಳಿಯಬೇಕು; ಆಮೇಲೆ ತೊವ್ವೆ, ತುಪ್ಪ, ಸಾರು, ಹುಳಿ, ಕೊನೆಗೆ ಮಜ್ಜಿಗೆ. ಪ್ರಾಂತಕ್ಕೂ ಮನೆತನಕ್ಕೂ ತಕ್ಕಂತೆ ಇದರಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿದ್ದರೂ ಇದರ ಹಿಂದಿರುವ ವಿವೇಕವು ಒಂದೇ. ಅಲ್ಪವಾಗಿ, ನಡುನಡುವೆ ನಂಜಿಕೊಳ್ಳತಕ್ಕ ಪದಾರ್ಥಗಳು ಸಾರು ಹರಿಯದ ಎಡೆಯಲ್ಲಿರಬೇಕು. ಧಾರಾಳವಾಗಿ ಕಲಸಿಕೊಳ್ಳತಕ್ಕದ್ದು ಕೈಯ ಬಳಿಯಲ್ಲಿರಬೇಕು. ಒಂದು ರುಚಿ ಮುಗಿಯುವ ಹೊತ್ತಿಗೆ ಮುಂದಿನದು ಬಿಸಿಯಾಗಿ ಬರಬೇಕು. ಇದೆಲ್ಲವೂ ಸಾಧ್ಯವಾಗುತ್ತಿದ್ದುದು ಬಡಿಸುವವನ ಕಣ್ಣು ಎಲೆಯ ಮೇಲೆ ನೆಟ್ಟಿರುತ್ತಿದ್ದುದರಿಂದ. ಯಾರ ಎಲೆಯಲ್ಲಿ ಅನ್ನವು ಬರಿದಾಯಿತು, ಯಾರು ಸಂಕೋಚದಿಂದ ಕೇಳದೆ ಇದ್ದಾರೆ, ಯಾರು ಸಾಕೆಂದು ಕೈ ಅಡ್ಡ ಹಿಡಿದುದು ನಿಜವಾಗಿಯೂ ಸಾಕಾಗಿ, ಯಾರದು ಬರಿಯ ಮರ್ಯಾದೆಗಾಗಿ ಎಂಬುದನ್ನು ಅವನು ಮುಖ ನೋಡಿ ತಿಳಿಯುತ್ತಿದ್ದನು.

ಆದರೆ ಈ ಪಂಕ್ತಿಯನ್ನು ಕೇವಲ ಹೊಗಳಿ ಮುಂದೆ ಸಾಗುವುದು ಸತ್ಯಕ್ಕೆ ಅಪಚಾರವಾದೀತು. ಬಡಿಸುವವನು ನಮ್ಮವನಾದರೆ ಪಂಕ್ತಿಯ ತುದಿಯಲ್ಲಿ ಕುಳಿತರೂ ಚಿಂತೆಯಿಲ್ಲವೆಂಬ ಗಾದೆಯನ್ನು ನಾವು ನಗುತ್ತ ಹೇಳಿಕೊಳ್ಳುತ್ತೇವೆ. ನಮ್ಮವನಲ್ಲದವನ ಕೈಯಲ್ಲಿ ಸಟ್ಟುಗವಿದ್ದಾಗ ತುದಿಯಲ್ಲಿ ಕುಳಿತವರ ಪಾಡೇನಾಗಿತ್ತೆಂಬುದನ್ನೂ ಆ ಗಾದೆಯೇ ಹೇಳುತ್ತದೆ. ಪಂಕ್ತಿಯೊಳಗೆ ಸೇರುವ ಅರ್ಹತೆಯೇ ಇಲ್ಲವೆಂದು ಹೊರಗಿರಿಸಲ್ಪಟ್ಟವರ ಪಾಡಂತೂ ಇನ್ನೂ ಘೋರವಾದುದು. ಕಾಫಿ ಕ್ಲಬ್ಬುಗಳು ಮೊದಲುಗೊಂಡ ಕಾಲದಲ್ಲಿ ಎಷ್ಟೋ ಕಡೆ ಜಾತಿಗೊಂದು ಕೋಣೆ, ಜಾತಿಗೊಂದು ಲೋಟವೆಂಬ ಏರ್ಪಾಡು ಹೋಟೆಲಿನೊಳಗೂ ಪ್ರವೇಶಿಸಿತ್ತು. ಸ್ವತಂತ್ರ ಭಾರತದ ಸಂವಿಧಾನವು ತನ್ನ 15ನೆಯ ಅನುಚ್ಛೇದದ ಎರಡನೆಯ ಖಂಡದಲ್ಲಿ ಅಂಗಡಿಗಳನ್ನೂ ಸಾರ್ವಜನಿಕ ಉಪಾಹಾರಗೃಹಗಳನ್ನೂ ಹೆಸರಿಸಿಯೇ, ಧರ್ಮ, ಜಾತಿ ಮೊದಲಾದ ಕಾರಣಗಳಿಂದ ಯಾರಿಗೂ ಅಲ್ಲಿ ಪ್ರವೇಶವನ್ನು ನಿರಾಕರಿಸಕೂಡದೆಂದು ವಿಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಅದನ್ನು ಉಲ್ಲಂಘಿಸಿದವರಿಗೆ ಶಿಕ್ಷೆಯನ್ನು ಗೊತ್ತುಮಾಡಿತು. ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ನಡೆಸಿದ ಸತ್ಯಾಗ್ರಹವನ್ನು ಕಂಡ ಈ ಜಿಲ್ಲೆಗೆ ಸಮಾನತೆಯೆಂಬುದು ಪುಸ್ತಕದಲ್ಲಿ ಮಾತ್ರ ಓದಿದ ತತ್ತ್ವವಲ್ಲ. ಮನೆಯ ಪಂಕ್ತಿಯಲ್ಲಿ ಯಾರಿಗೋ ಸ್ವಂತವಾಗಿದ್ದ ಬಡಿಸುವವನನ್ನು ಎಲ್ಲರಿಗೂ ನಮ್ಮವನನ್ನಾಗಿ ಮಾಡುವುದೇ ಹೋಟೆಲು ಕೈಗೊಂಡ ಮಹತ್ಕಾರ್ಯ. ಯಾರೆಂದು ಕೇಳದೆ ಕುಳ್ಳಿರಿಸಿ, ಎಲ್ಲರಿಗೂ ಒಂದೇ ಬಗೆಯ ಲೋಟದಲ್ಲಿ ನೀರಿಟ್ಟು, ಒಂದೇ ಆದರದಿಂದ ‘ಏನು ಕೊಡಲಿ?’ ಎಂದು ಕೇಳುವ ಆ ಒಂದು ಕ್ಷಣದಲ್ಲಿ ಹೋಟೆಲಿನ ಸಪ್ಲೈಯರನು ಸಮಾಜಕ್ಕೆ ಸಲ್ಲಿಸುತ್ತಿರುವ ಸೇವೆಯು ಸಾಮಾನ್ಯವಾದುದಲ್ಲ.

ಬಡಿಸುವುದು ಒಂದು ವಿದ್ಯೆಯೆಂಬ ಮಾತಿಗೆ ಪರದೇಶಗಳ ಅನುಭವವೂ ಅನುಕೂಲವಾಗಿಯೇ ಇದೆ. ಯುರೋಪಿನ ಸಿರಿವಂತರ ಔತಣಗಳಲ್ಲಿ ಹಿಂದೆ ಫ್ರೆಂಚ್ ಪದ್ಧತಿಯೆಂಬುದು ನಡೆಯುತ್ತಿತ್ತು. ಹತ್ತಾರು ಭಕ್ಷ್ಯಗಳನ್ನು ಒಮ್ಮೆಗೇ ಮೇಜಿನ ಮೇಲೆ ಹರಡಿಬಿಡುವುದು. ಸಮೀಪದಲ್ಲಿದ್ದುದನ್ನು ಅತಿಥಿಯು ತೆಗೆದುಕೊಳ್ಳುವುದು. ದೂರದಲ್ಲಿದ್ದುದು ಅವನ ಪಾಲಿಗೆ ದೂರವಾಗಿಯೇ ಉಳಿಯುವುದು. ನೋಟಕ್ಕೆ ವೈಭವವಿದ್ದರೂ ಉಣ್ಣುವ ಹೊತ್ತಿಗೆ ಎಲ್ಲವೂ ತಣ್ಣಗಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಇದರ ಸ್ಥಾನವನ್ನು ರಷ್ಯನ್ ಪದ್ಧತಿಯು ಆಕ್ರಮಿಸಿತು. ಸುಮಾರು 1810ರಲ್ಲಿ ಪ್ಯಾರಿಸಿನಲ್ಲಿದ್ದ ರಷ್ಯದ ರಾಯಭಾರಿ ಕುರಾಕಿನನು ಅದನ್ನು ಅಲ್ಲಿಗೆ ಪರಿಚಯಿಸಿದನೆಂದು ಹೇಳುತ್ತಾರೆ. ಒಂದಾದ ಮೇಲೊಂದರಂತೆ ಭಕ್ಷ್ಯಗಳನ್ನು ಬಿಸಿಯಾಗಿ ತಂದು, ಪರಿಚಾರಕನು ಒಬ್ಬೊಬ್ಬರಿಗೂ ಬಡಿಸುತ್ತ ಹೋಗುವ ಈ ಕ್ರಮವು ನಮ್ಮ ಪಂಕ್ತಿಯ ಕ್ರಮಕ್ಕೆ ಅತ್ಯಂತ ಸಮೀಪವಾದುದೆಂಬುದನ್ನು ಗಮನಿಸಬೇಕು. ಅಡುಗೆಮನೆಯಲ್ಲಿಯೇ ತಟ್ಟೆಯನ್ನು ಸಜ್ಜುಗೊಳಿಸಿ ತರುವ ಅಮೆರಿಕನ್ ಪದ್ಧತಿ, ಅತಿಥಿಗಳೇ ಸಾಲಿನಲ್ಲಿ ಹೋಗಿ ಹಾಕಿಸಿಕೊಳ್ಳುವ ಬಫೆ ಪದ್ಧತಿ ಇವೆರಡೂ ಈಗ ಶಿವಮೊಗ್ಗದ ಕಲ್ಯಾಣಮಂಟಪಗಳಿಗೂ ದೊಡ್ಡ ಹೋಟೆಲುಗಳಿಗೂ ಬಂದು ನೆಲೆಸಿವೆ. ಇವುಗಳಲ್ಲಿ ಯಾವುದನ್ನೂ ಪರಕೀಯವೆಂಬ ಕಾರಣದಿಂದ ದೂಷಿಸಬೇಕಾದುದಿಲ್ಲ. ಪ್ರತಿಯೊಂದರಲ್ಲಿಯೂ ಉಣ್ಣುವವನನ್ನು ಗಮನಿಸುವ ಒಬ್ಬನಿದ್ದಾನೆಯೆ ಇಲ್ಲವೆ ಎಂಬುದೊಂದೇ ವಿಚಾರಿಸತಕ್ಕ ಪ್ರಶ್ನೆ.

ನಮ್ಮ ಊರುಗಳ ಹೋಟೆಲಿನ ಉಪಚಾರಕ್ಕೆ ತಳಹದಿಯನ್ನು ಹಾಕಿದವರಲ್ಲಿ, ಉಡುಪಿ-ಕುಂದಾಪುರ ಸೀಮೆಗಳಿಂದ ಆಗುಂಬೆ, ಹುಲಿಕಲ್ ಘಾಟಿಗಳನ್ನೇರಿ ಬಂದು, ಬರಿಗೈಯಿಂದ ದುಡಿಮೆಗೆ ತೊಡಗಿ, ಕ್ರಮೇಣ ಗಲ್ಲಾದ ಮೇಲೆ ಕುಳಿತವರು ಅನೇಕರು. ಮೇಜೊರಸುವುದು, ನೀರಿಡುವುದು, ತಿಂಡಿ ಕೊಡುವುದು ಹೀಗೆ ಒಂದೊಂದೇ ಮೆಟ್ಟಿಲನ್ನೇರಿ ಬಂದವರಾದ್ದರಿಂದ ಯಜಮಾನರಾದ ಮೇಲೆಯೂ ಅವರ ಕಣ್ಣು ಮೇಜುಗಳ ಮೇಲೆಯೇ ಇರುತ್ತಿತ್ತು. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮಿನ ಯಜ್ಞನಾರಾಯಣ ಮಯ್ಯರು 1950ರ ದಶಕದ ಆರಂಭದಲ್ಲಿ ಯುರೋಪಿನ ಪ್ರವಾಸ ಮಾಡಿ ಬಂದು, ಅಲ್ಲಿಯ ಉಪಾಹಾರಗೃಹಗಳ ಶುಚಿತ್ವವನ್ನು ತಮ್ಮಲ್ಲಿಯೂ ನೆಲೆಗೊಳಿಸಿದುದು ಪ್ರಸಿದ್ಧವಾಗಿದೆ. ಬಸವನಗುಡಿಯ ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ (ಸ್ಥಾಪನೆ 1943) ದೋಸೆಯ ತಟ್ಟೆಗಳನ್ನು ತೋಳಿನುದ್ದಕ್ಕೂ ಪೇರಿಸಿಕೊಂಡು ಕಿಕ್ಕಿರಿದ ಮೇಜುಗಳ ನಡುವೆ ನಡೆದು ಬರುವ ಪರಿಚಾರಕನನ್ನು ಜನರು ನಿಂತು ನೋಡುತ್ತಾರೆ. ಶಿವಮೊಗ್ಗದ ಹಳೆಯ ಹೋಟೆಲುಗಳ ಸಪ್ಲೈಯರನು ಐದಾರು ಮೇಜುಗಳವರು ಹೇಳಿದುದನ್ನೆಲ್ಲ ಕಾಗದದ ಮೇಲೆ ಬರೆದುಕೊಳ್ಳದೆ ಮನಸ್ಸಿನಲ್ಲಿಯೇ ಇರಿಸಿಕೊಂಡು, ಯಾರಿಗೆ ಬೈ-ಟು ಕಾಫಿ, ಯಾರಿಗೆ ಸಕ್ಕರೆಯಿಲ್ಲದ್ದು, ಯಾರಿಗೆ ಸಾಂಬಾರು ಬೇರೆ ಬಟ್ಟಲಲ್ಲಿ ಎಂಬುದನ್ನು ತಪ್ಪದೆ ತಂದಿಡುವುದು ಅದಕ್ಕಿಂತ ಕಡಮೆಯ ಸಾಧನೆಯೇನಲ್ಲ. ಲೋಟದ ಅಂಚನ್ನು ಮುಟ್ಟದೆ ಬುಡದಲ್ಲಿ ಹಿಡಿಯುವುದು, ಒಂದು ಕೈಯಲ್ಲಿ ಸಾರಿನ ಬಕೆಟ್ಟನ್ನು ಹಿಡಿದು ಇನ್ನೊಂದು ಕೈಯ ಸೌಟಿನಿಂದ ಹನಿಯೂ ಹೊರಚೆಲ್ಲದಂತೆ ಬಡಿಸುವುದು, ಮಗುವಿನ ಮುಂದೆ ಬಿಸಿಯಾದುದನ್ನಿಡದೆ ತಾಯಿಯ ಬದಿಗಿಡುವುದು ಇವೆಲ್ಲವೂ ವರ್ಷಗಳ ಅಭ್ಯಾಸದಿಂದ ಸಿದ್ಧಿಸುವ ಕೌಶಲಗಳು.

ಭದ್ರಾವತಿಯ ಕಥೆಯು ತುಸು ಭಿನ್ನವಾದುದು. ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯು ಉತ್ಪಾದನೆಗೆ ತೊಡಗಿತು. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆಯು ಸ್ಥಾಪಿತವಾಯಿತು. ಕನ್ನಡಿಗರ ಜೊತೆಗೆ ತಮಿಳು, ತೆಲುಗು, ಮಲಯಾಳ ಭಾಷೆಗಳನ್ನಾಡುವ ಕಾರ್ಮಿಕರು ಬಂದು ನೆಲೆಸಿದರು. ಪಾಳಿ ಬದಲಾಗುವ ಹೊತ್ತಿಗೆ ಒಮ್ಮೆಗೇ ನುಗ್ಗುವ ಜನಕ್ಕೆ ಕೆಲವೇ ನಿಮಿಷಗಳಲ್ಲಿ ಬಿಸಿ ತಿಂಡಿಯನ್ನೊದಗಿಸಬೇಕಾದಾಗ ಬಾಳೆಯೆಲೆಯ ಸಾವಧಾನವು ಸಲ್ಲುವುದಿಲ್ಲ. ಇನ್ನೂರೈವತ್ತಕ್ಕಿಂತ ಹೆಚ್ಚು ಮಂದಿ ದುಡಿಯುವ ಕಾರ್ಖಾನೆಗಳಲ್ಲಿ ಕ್ಯಾಂಟೀನಿಗೆ ಅವಕಾಶ ಕಲ್ಪಿಸಿದ 1948ರ ಕಾರ್ಖಾನೆಗಳ ಕಾಯಿದೆಯು ಈ ಅವಶ್ಯಕತೆಯನ್ನೇ ಮನಗಂಡಿತ್ತು. ಇಂದು ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ಸುಮಾರು ಒಂದು ದಶಕವಾಗಿದೆ. ಉಕ್ಕಿನ ಕಾರ್ಖಾನೆಯಲ್ಲಿಯೂ ಹಿಂದಿನ ಸಂಭ್ರಮವಿಲ್ಲ. ಅಂದು ಅವಸರದಲ್ಲಿ ನಿಂತು ತಿಂದ ಕಾರ್ಮಿಕನು ಇಂದು ನಿವೃತ್ತನಾಗಿ, ಮಂಡಿಯ ನೋವಿನಿಂದ ನ್ಯೂಟೌನಿನ ಹೋಟೆಲಿಗೆ ಬಂದಾಗ, ಅವನಿಗೆ ಕುಳಿತುಕೊಳ್ಳುವ ಒಂದು ಕುರ್ಚಿಯೂ ತಂದುಕೊಡುವ ಒಂದು ಕೈಯೂ ಬೇಕಾಗಿವೆ.

ಸೆಲ್ಫ್ ಸರ್ವಿಸಿನ ಗುಣಗಳನ್ನು ನಾನು ಕಾಣದವನಲ್ಲ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದರ್ಶಿನಿಗಳು, ಶುಚಿಯಾದ ಬಿಸಿ ತಿಂಡಿಯನ್ನು ಕಡಮೆ ಬೆಲೆಗೆ, ಕಾಯಿಸದೆ, ಯಾರ ಅಂತಸ್ತನ್ನೂ ನೋಡದೆ ಕೊಡುವುದು ಸಾಧ್ಯವೆಂದು ತೋರಿಸಿದವು. 2017ರಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನಿನಲ್ಲಿ ಐದು ರೂಪಾಯಿಗೆ ಉಪಾಹಾರವೂ ಹತ್ತು ರೂಪಾಯಿಗೆ ಊಟವೂ ದೊರೆಯಬೇಕಾದರೆ ಮೇಜಿಗೊಬ್ಬ ಪರಿಚಾರಕನನ್ನು ನಿಯಮಿಸುವುದು ಅಸಾಧ್ಯ. ಕೂಲಿಯವರಿಗೂ ವಿದ್ಯಾರ್ಥಿಗಳಿಗೂ ಬಸ್ಸು ಹಿಡಿಯುವ ಆತುರದಲ್ಲಿರುವವರಿಗೂ ಈ ಪದ್ಧತಿಯು ಮಹೋಪಕಾರವನ್ನೇ ಮಾಡಿದೆ. ಆದರೆ ಬೆಲೆಯಲ್ಲಿ ಯಾವ ರಿಯಾಯಿತಿಯನ್ನೂ ತೋರದೆ, ಬಡಿಸುವವನ ಸಂಬಳವನ್ನು ಮಾತ್ರ ಉಳಿಸಿಕೊಳ್ಳುವ ಉದ್ದೇಶದಿಂದ ಈ ಪದ್ಧತಿಯನ್ನು ಅನುಸರಿಸುವುದನ್ನು ಸಮರ್ಥಿಸಲಾಗದು. ಗೋಡೆಯ ಮೇಲಿನ ಫಲಕವನ್ನು ಓದಲಾರದ ಹಳ್ಳಿಯ ವೃದ್ಧೆಯು, ಕೈ ನಡುಗುವ ಹಿರಿಯರು, ಕಂಕುಳಲ್ಲಿ ಮಗುವನ್ನೆತ್ತಿಕೊಂಡ ತಾಯಿಯು, ಊರುಗೋಲಿನ ಆಸರೆಯಲ್ಲಿ ನಡೆಯುವವನು ಇವರೆಲ್ಲರೂ ತುಂಬಿದ ತಟ್ಟೆಯನ್ನು ಹಿಡಿದು ಜನಸಂದಣಿಯ ನಡುವೆ ದಾರಿ ಹುಡುಕಬೇಕಾದಾಗ, ಸಮಾನತೆಯೆಂದು ನಾವು ಭಾವಿಸಿದ್ದು ದುರ್ಬಲರ ಪಾಲಿಗೆ ಕಷ್ಟವಾಗಿ ಪರಿಣಮಿಸುತ್ತದೆ.

ಹೋಟೆಲಿನ ಯಜಮಾನರು ಕೊಡುವ ಸಮಾಧಾನವೆಂದರೆ, ಕೆಲಸಕ್ಕೆ ಜನ ದೊರೆಯುವುದಿಲ್ಲವೆಂಬುದು. ಈ ಮಾತಿನಲ್ಲಿ ನಿಜವಿದೆ. ಆದರೆ ಅದರ ಕಾರಣವನ್ನೂ ವಿಚಾರಿಸಬೇಕು. ಒಂದು ಕಾಲದಲ್ಲಿ ಬಡ ಮನೆಗಳ ಚಿಕ್ಕ ಹುಡುಗರನ್ನು ಮಾಣಿಗಳೆಂದು ತಂದು, ಅನ್ನ-ಬಟ್ಟೆಗಳಿಗೆ ದುಡಿಸಿ, ಹೊರಗಿನಿಂದ ಅಗ್ಗವಾಗಿ ಕಂಡ ಉಪಚಾರವನ್ನು ನಾವು ಅನುಭವಿಸಿದೆವು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಕೂಡದೆಂಬ ನಿಷೇಧವು 2006ರ ಅಕ್ಟೋಬರ್ 10ರಿಂದ ಜಾರಿಗೆ ಬಂದುದು ಅತ್ಯಂತ ನ್ಯಾಯವಾದ ಕ್ರಮ. ಮಕ್ಕಳು ಶಾಲೆಗೆ ಹೋದ ಮೇಲೆ ಆ ಸ್ಥಾನಕ್ಕೆ ವಯಸ್ಕರನ್ನು ವಯಸ್ಕರಿಗೆ ತಕ್ಕ ಸಂಬಳಕ್ಕೆ ನೇಮಿಸಬೇಕಾಗಿತ್ತು; ಅನೇಕ ಕಡೆ ಹಾಗಾಗಲಿಲ್ಲ. ಬೆಳಗಿನ ಜಾವದಿಂದ ರಾತ್ರಿಯವರೆಗೆ ನಿಂತೇ ಇರಬೇಕಾದ, ಗಲ್ಲಾದವರ ಗದರಿಕೆಯನ್ನೂ ಗಿರಾಕಿಗಳ ಏಕವಚನವನ್ನೂ ಸಹಿಸಬೇಕಾದ ಕೆಲಸಕ್ಕೆ ಊರಿನ ಯುವಕನು ಬರಲೊಲ್ಲನಾದರೆ ತಪ್ಪು ಅವನದಲ್ಲ. ಈಗ ಒಡಿಶಾ, ಅಸ್ಸಾಂಗಳಂಥ ದೂರದ ಸೀಮೆಗಳಿಂದ ಬಂದ ತರುಣರು, ಗೊತ್ತಿರುವ ನಾಲ್ಕು ಕನ್ನಡದ ಮಾತುಗಳಲ್ಲಿಯೇ ನಮ್ಮನ್ನು ಉಪಚರಿಸುತ್ತಿದ್ದಾರೆ. ಮನೆಮಠಗಳನ್ನು ಬಿಟ್ಟು ಬಂದು ನಮಗೆ ಅನ್ನವನ್ನಿಡುವ ಅವರನ್ನು ಆದರದಿಂದ ಕಾಣುವುದು ನಮ್ಮ ಕರ್ತವ್ಯ.

ಆದುದರಿಂದ ಮಾಡತಕ್ಕುದೇನು? ಮೊದಲನೆಯದಾಗಿ, ಸೆಲ್ಫ್ ಸರ್ವಿಸಿನ ಹೋಟೆಲಾದರೂ ಕೆಲವು ಕುರ್ಚಿಗಳನ್ನೂ ಮೇಜುಗಳನ್ನೂ ಹಿರಿಯರಿಗಾಗಿ, ಅಶಕ್ತರಿಗಾಗಿ, ಮಕ್ಕಳೊಂದಿಗರಿಗಾಗಿ ಮೀಸಲಿರಿಸಿ, ಅಲ್ಲಿಗೆ ತಂದುಕೊಡಲು ಒಬ್ಬರನ್ನಾದರೂ ನಿಯಮಿಸಬೇಕು. ಕೇಳುವ ಮೊದಲೇ ಕುಡಿಯುವ ನೀರು ಮೇಜಿಗೆ ಬರಬೇಕು. ಎರಡನೆಯದಾಗಿ, ಊಟವನ್ನು ಕೇಳಿ ಬಡಿಸಬೇಕು. ಜಗತ್ತಿನಲ್ಲಿ 2022ರಲ್ಲಿ ವ್ಯರ್ಥವಾದ 105 ಕೋಟಿ ಟನ್ನು ಆಹಾರದಲ್ಲಿ ಶೇಕಡ 28ರಷ್ಟು ಹೋಟೆಲು ಮೊದಲಾದ ಆಹಾರಸೇವೆಗಳದೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಅಂದಾಜು ಮಾಡಿದೆ. ಮೊದಲು ಅಲ್ಪವಾಗಿ ಬಡಿಸಿ, ಬೇಕಾದಷ್ಟು ಸಲ ಬಂದು ವಿಚಾರಿಸುವ ನಮ್ಮ ಹಳೆಯ ಕ್ರಮವು ಈ ಅಪವ್ಯಯಕ್ಕೆ ಒಳ್ಳೆಯ ಮದ್ದು. ಮೂರನೆಯದಾಗಿ, ಬಡಿಸುವವರ ಸಂಬಳವು ತಿಂಡಿಯ ಬೆಲೆಯಲ್ಲಿಯೇ ಪ್ರಾಮಾಣಿಕವಾಗಿ ಸೇರಿರಬೇಕು. ಅತಿಥಿಯ ಒಪ್ಪಿಗೆಯಿಲ್ಲದೆ ಬಿಲ್ಲಿಗೆ ಸೇವಾಶುಲ್ಕವನ್ನು ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿಯ ಉಚ್ಚ ನ್ಯಾಯಾಲಯವು 2025ರ ಮಾರ್ಚಿನಲ್ಲಿ ಎತ್ತಿಹಿಡಿದಿರುವುದರಿಂದ, ಬೇರೆ ದಾರಿಯೂ ಇಲ್ಲ, ಇರಬೇಕಾಗಿಯೂ ಇಲ್ಲ. ನಾಲ್ಕನೆಯದಾಗಿ, ಜಿಲ್ಲೆಯ ತರಬೇತಿ ಸಂಸ್ಥೆಗಳಲ್ಲಿ ಈ ವಿದ್ಯೆಯನ್ನು ಕಲಿಸುವ ವ್ಯವಸ್ಥೆಯಾಗಬೇಕು. 2023ರ ಫೆಬ್ರವರಿಯಲ್ಲಿ ಶಿವಮೊಗ್ಗದ ವಿಮಾನನಿಲ್ದಾಣವು ಉದ್ಘಾಟಿತವಾದ ಮೇಲೆ ಜೋಗಕ್ಕೂ ಆಗುಂಬೆಗೂ ಸಕ್ರೆಬೈಲಿಗೂ ಹೊರಟವರು ಈ ಊರಿನಲ್ಲಿ ಮೊದಲು ಭೇಟಿಯಾಗುವ ಮಲೆನಾಡಿಗರಲ್ಲಿ ಹೋಟೆಲಿನ ಪರಿಚಾರಕನೂ ಒಬ್ಬನೆಂಬುದನ್ನು ಮರೆಯಬಾರದು. ಬಾಳೆಯೆಲೆಯ ಮೇಲೆ ಕಡುಬನ್ನೂ ಅಕ್ಕಿರೊಟ್ಟಿಯನ್ನೂ ತಂಬುಳಿಯನ್ನೂ ಬಡಿಸಿ, ಅದೇನೆಂದು ನಾಲ್ಕು ಮಾತಿನಲ್ಲಿ ವಿವರಿಸಬಲ್ಲವನಿದ್ದರೆ ಆ ಊಟದಿಂದಲೇ ನಾಡಿನ ಪರಿಚಯವಾಗುತ್ತದೆ.

ಇವೆಲ್ಲವನ್ನೂ ಯಜಮಾನರ ಮೇಲೂ ಸರಕಾರದ ಮೇಲೂ ಹೊರಿಸಿ ನಾವು ಸುಮ್ಮನಾಗುವಂತಿಲ್ಲ. ಎರಡು ಮೂರು ರೂಪಾಯಿ ಹೆಚ್ಚು ತೆರಬೇಕಾದಲ್ಲಿ ತೆರಲು ಸಿದ್ಧರಾಗದೆ ಉಪಚಾರವನ್ನು ಬಯಸುವ ಗಿರಾಕಿಯು, ತನ್ನ ಅನುಕೂಲದ ವೆಚ್ಚವನ್ನು ಬಡಿಸುವವನ ತಲೆಗೆ ಕಟ್ಟುತ್ತಾನೆ. ಕೂಗಿ ಕರೆಯದೆ, ಚಪ್ಪಾಳೆ ತಟ್ಟದೆ, ವಯಸ್ಸಿನಲ್ಲಿ ಹಿರಿಯರಾದರೆ ‘ಅಣ್ಣ’ ಎಂದೋ ಕಿರಿಯರಾದರೆ ‘ತಮ್ಮ’ ಎಂದೋ ಕರೆದು ಮಾತನಾಡಿಸುವುದಕ್ಕೆ ಯಾವ ವೆಚ್ಚವೂ ತಗಲದು. ಉಪಚಾರವನ್ನು ಪಡೆಯುವವರು ಉಪಚಾರ ಮಾಡುವವರನ್ನು ತಮ್ಮ ಸಮಾನರೆಂದು ಎಣಿಸಿದಾಗ, ಮತ್ತು ಹೋಟೆಲಿನ ಯಜಮಾನರು ಒಳ್ಳೆಯ ಅಡುಗೆಯವನಿಗೆ ಕೊಡುವಷ್ಟೇ ಬೆಲೆಯನ್ನು ಒಳ್ಳೆಯ ಬಡಿಸುವವನಿಗೂ ಕೊಡಲು ಮುಂದಾದಾಗ, ಈ ಕೆಲಸಕ್ಕೆ ನಮ್ಮ ಊರಿನ ಯುವಕ-ಯುವತಿಯರೇ ಹೆಮ್ಮೆಯಿಂದ ಬರುವ ಕಾಲವು ಕೂಡಿಬರುತ್ತದೆ. ಅದನ್ನು ಬರಮಾಡಿಕೊಳ್ಳುವ ಹೊಣೆಯು ಗಲ್ಲಾದ ಇತ್ತಲಿರುವವರಿಗೂ ಅತ್ತಲಿರುವವರಿಗೂ ಸಮವಾಗಿಯೇ ಸೇರಿದೆ.