ಕಬ್ಬಿನ ಬಾಕಿ: ಸಂಸದರಿಂದ ಒಂದು ಪ್ರಶ್ನೆ ಹಾಕಸ್ರಿ

ಲೋಕಸಭೆ ಅಂದ್ರ ನಮಗ ಟಿವಿಯೊಳಗಿನ ಗದ್ದಲ ಅಷ್ಟ ನೆನಪಾಗತೈತಿ. ಆದರೆ ಪ್ರಶ್ನೋತ್ತರದ ದಿನ 230ರವರೆಗೆ ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಮಂತ್ರಿಗಳು ಲಿಖಿತ ಉತ್ತರ ಕೊಡುತ್ತಾರೆ. ಗದ್ದಲದಾಗೂ ಆ ಉತ್ತರ ದಾಖಲೆಗೆ ಸೇರುತ್ತದೆ.

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ ಬರಬೇಕು. ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. ಆ ಬಡ್ಡಿ ಎಷ್ಟು ಮಂದಿ ಕೈಗೆ ಬಂದೈತ್ರಿ? 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ಕೂತದ್ದು ದರಕ್ಕಾಗಿ. ಬಾಕಿಯ ಲೆಕ್ಕ ಕೇಳಾಕ ಒಂದು ಪತ್ರ ಸಾಕು. ಗೋಕಾಕ, ಮೂಡಲಗಿಯವರು ಬೆಳಗಾವಿ ಸಂಸದರಿಗೆ, ಹುಕ್ಕೇರಿಯವರು ಚಿಕ್ಕೋಡಿ ಸಂಸದರಿಗೆ ಬರೀರಿ: ಕಾರ್ಖಾನೆವಾರು ಬಾಕಿ ಎಷ್ಟು, ಬಡ್ಡಿ ಎಷ್ಟು ಕೊಡಿಸಿದಿರಿ? ಪ್ರಶ್ನೆಗೆ 15 ದಿನ ಮೊದಲೇ ನೋಟಿಸ್ ಬೇಕು. ಅಧಿವೇಶನ ಸುರುವಾಗೋತನಕ ಕಾಯಬ್ಯಾಡ್ರಿ.