ಅಚ್ಚಿನ ಮುನ್ನಿನ ಹೊಣೆ

ಹೈದರಾಬಾದಿನಲ್ಲಿ ಅಚ್ಚಾಗುವ ಕನ್ನಡ ಪುಸ್ತಕಕ್ಕೆ ಒಂದು ವಿಶಿಷ್ಟ ಅಪಾಯವಿದೆ. ಕನ್ನಡ, ತೆಲುಗು ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ಆದ್ದರಿಂದ ತೆಲುಗು ಬಲ್ಲ ಮುದ್ರಕನಿಗೆ ಕನ್ನಡದ ಪುಟ ಪರಿಚಿತವೆನಿಸುತ್ತದೆ. ಅದರೊಳಗಿನ ದೋಷ ಮಾತ್ರ ಕಾಣುವುದಿಲ್ಲ. ಅರ್ಕಾವತ್ತು ಇಂದಿನ ತೆಲುಗಿನಲ್ಲಿ ರೂಢಿಯಲ್ಲಿಲ್ಲ. 'ಸೂರ್ಯ' ಎಂಬುದು ಅರ್ಕಾವತ್ತು ಕಳೆದುಕೊಂಡು 'ಸೂಯ' ಎಂದು ನಿಂತರೂ ಅವನು ಎಚ್ಚರಗೊಳ್ಳಲು ಕಾರಣವಿಲ್ಲ. ಅದಕ್ಕಾಗಿ ಅವನನ್ನು ದೂರುವುದು ನ್ಯಾಯವೂ ಅಲ್ಲ.

ಮೊಳೆ ಜೋಡಿಸುವ ಕಾಲದಲ್ಲಿ ಪುಟ ಸಿದ್ಧವಾಗುತ್ತಿದ್ದುದು ಮುದ್ರಣಾಲಯದಲ್ಲಿ. ಕನ್ನಡದ ಅಕ್ಷರ ಬಲ್ಲವರಿಲ್ಲದೆ ಆ ಕೆಲಸ ಸಾಗುತ್ತಿರಲಿಲ್ಲ. ಇಂದು ಪುಟ ಹೊರಗಡೆಯೇ ಗಣಕದಲ್ಲಿ ಸಿದ್ಧವಾಗಿ ಬರುತ್ತದೆ, ಯಂತ್ರ ಅದನ್ನು ಚಿತ್ರದಂತೆ ಮುದ್ರಿಸುತ್ತದೆ. ಈ ಕ್ರಮ ಹೈದರಾಬಾದಿಗೆ ಹೊಸದಲ್ಲ. ಉರ್ದು ಗ್ರಂಥಗಳನ್ನು ಕಾತಿಬನು ಕೈಯಿಂದ ಬರೆದು, ಆ ಬರಹವನ್ನು ಕಲ್ಲಿಗಿಳಿಸಿ ಅಚ್ಚು ಹಾಕುತ್ತಿದ್ದರು. 1843ರಲ್ಲಿ ಹೊರಟ 'ಮಂಗಳೂರ ಸಮಾಚಾರ'ವೂ ಕಲ್ಲಚ್ಚಿನದೇ. ಬರೆದದ್ದು ಇದ್ದಂತೆಯೇ ಮೂಡುವಲ್ಲಿ, ತಿದ್ದುಪಡಿ ಮೊದಲೇ ಮುಗಿದಿರಬೇಕು. ಪಿಡಿಎಫ್ ಫೈಲು ಇಂದಿನ ಕಲ್ಲು.

ಹೀಗಿರುವಾಗ ಫೈಲಿನ ಸಿದ್ಧತೆಯನ್ನು ಕೇವಲ ತಾಂತ್ರಿಕ ಕೆಲಸವೆಂದು ಡಿಟಿಪಿಯವರಿಗೆ ಬಿಟ್ಟು ಸಂಪಾದಕರು ಕೈತೊಳೆದುಕೊಳ್ಳುವುದು ಸರಿಯಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಅಕ್ಷರಖಂಡಗಳನ್ನು ಇರಿಸಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಪುಟವೆಲ್ಲ ಅರ್ಥವಿಲ್ಲದ ರೋಮನ್ ಸಾಲುಗಳಾಗುತ್ತದೆ. ಯುನಿಕೋಡ್ ಬಂದ ಮೇಲೂ, ಭಾರತೀಯ ಲಿಪಿಗಳಿಗೆ ಹೊಂದಿಸದ ಪುಟವಿನ್ಯಾಸ ತಂತ್ರಾಂಶದಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಆದುದರಿಂದ ಫಾಂಟುಗಳನ್ನು ಪಿಡಿಎಫ್‌ನೊಳಗೇ ಅಡಕಗೊಳಿಸಬೇಕು. ಅನಂತರ ಆ ಪಿಡಿಎಫನ್ನೇ ಕನ್ನಡ ಬಲ್ಲವರು ಮೊದಲಿನಿಂದ ಕೊನೆಯವರೆಗೆ ಓದಬೇಕು. ಮೂಲ ಕರಡನ್ನು ಓದಿದ್ದು ಇದಕ್ಕೆ ಬದಲಿಯಾಗದು.

ಬಣ್ಣದ ವಿಚಾರವೂ ಅಕ್ಷರದ ವಿಚಾರವೇ. ಪಠ್ಯವು ಕಪ್ಪು ಶಾಯಿಯೊಂದರಲ್ಲೇ ಇರಬೇಕು. ನಾಲ್ಕು ಶಾಯಿಗಳನ್ನು ಬೆರೆಸಿದ ಕಪ್ಪಾದರೆ, ಮುದ್ರಣ ಕೂದಲೆಳೆಯಷ್ಟು ಸರಿದರೂ ಸಣ್ಣ ಒತ್ತಕ್ಷರಗಳ ಅಂಚು ಮಸುಕಾಗುತ್ತದೆ. ಪರದೆಯ ಆರ್‌ಜಿಬಿ ಬಣ್ಣಗಳನ್ನು ಸಿಎಂವೈಕೆಗೆ ತಿರುಗಿಸಿ ನೋಡಿದ ಮೇಲೆಯೇ ಮುಖಪುಟವನ್ನು ಒಪ್ಪಬೇಕು. ಕತ್ತರಿಸುವ ಅಂಚಿನಿಂದಾಚೆಗೆ ಚಿತ್ರ 3 ಮಿಲಿಮೀಟರ್ ಚಾಚಿರಬೇಕು. ಅಂಗುಲಕ್ಕೆ 300 ಚುಕ್ಕೆಗಳ ಲೆಕ್ಕದಲ್ಲಿ, 600 ಚುಕ್ಕೆಗಳಷ್ಟು ಅಗಲದ ಭಾವಚಿತ್ರ ಅಚ್ಚಿನಲ್ಲಿ 2 ಅಂಗುಲಕ್ಕೆ ಮಾತ್ರ ಸಾಲುತ್ತದೆ. ಅದನ್ನು ಪುಟದ ತುಂಬ ಹಿಗ್ಗಿಸಿದರೆ ಹಿರಿಯರ ಮುಖ ಕಲೆಯಾಗಿ ಉಳಿಯುತ್ತದೆ.

ಹೊರನಾಡಿನಲ್ಲಿ ಪ್ರಕಟವಾಗುವ ಕನ್ನಡ ಪುಸ್ತಕಕ್ಕೆ ಮರುಮುದ್ರಣದ ಭಾಗ್ಯ ವಿರಳ. ಮೊದಲ ಮುದ್ರಣದ ತಪ್ಪೇ ಮುಂದಿನ ಸಂಶೋಧಕನಿಗೆ ಪಾಠವಾಗಿ ಒದಗುತ್ತದೆ. ಗ್ರಂಥಸಂಪಾದನೆಯಲ್ಲಿ ಓಲೆಗರಿಯ ಲಿಪಿಕಾರನ ಸ್ಖಾಲಿತ್ಯಗಳನ್ನು ಗುರುತಿಸಲು ಕಲಿಸುವ ಕನ್ನಡ ವಿಭಾಗಗಳು, ಅಚ್ಚಿನ ಫೈಲಿನ ಸ್ಖಾಲಿತ್ಯಗಳನ್ನೂ ಗುರುತಿಸಲು ಕಲಿಸುವುದು ಅಗತ್ಯ. ಅದು ಅದೇ ಶಾಸ್ತ್ರದ ಮುಂದುವರಿಕೆ. ಮುದ್ರಣಕ್ಕೆ ಅನುಮತಿ ನೀಡುವ ಕೊನೆಯ ಸಹಿ ಕನ್ನಡ ಓದಬಲ್ಲವರದೇ ಆಗಿರಬೇಕು.