ಬೂಟು ಬದಲಾದರೆ ಭಾರ ಎಲ್ಲಿಗೆ ಹೋಗುತ್ತದೆ?

ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆ ಬೇಕೆಂದರೆ ಹುಡುಗರು 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಿ ಮುಗಿಸಬೇಕು. ಅಧಿಸೂಚನೆ ಬಿತ್ತೆಂದರೆ ಮಾನ್ವಿ, ದೇವದುರ್ಗ, ಚೀಕಲಪರ್ವಿ ಕಡೆಯ ಹುಡುಗರಿಗೆ ಬಿಸಿಲೇರುವ ಮುಂಚೆ ಡಾಂಬರು ರಸ್ತೆಯೇ ಮೈದಾನ. ಕೆಲವರದು ಬರಿಗಾಲು, ಕೆಲವರದು ಕ್ಯಾನ್ವಾಸ್ ಬೂಟು. ಅಣ್ಣ ಬೆಂಗಳೂರಿನಲ್ಲಿ ದುಡಿಯುತ್ತಿದ್ದರೆ ದಪ್ಪ ಸೋಲಿನ ಹೊಸ ಜೋಡಿ. ಪರೀಕ್ಷೆಯ ಓಟ ಚಿಕ್ಕದು, ಅದಕ್ಕಾಗಿ ತಿಂಗಳುಗಟ್ಟಲೆ ಓಡುವ ದಾರಿ ಬಲು ಉದ್ದ. ಈ ಮೂವರಲ್ಲಿ ಯಾರ ಕಾಲು ಬಾಳುತ್ತದೆ?

ನಿಮಿಷಕ್ಕೆ 170 ಹೆಜ್ಜೆಯಂತೆ ಒಂದು ಗಂಟೆ ಓಡಿದರೆ ಪಾದಗಳು ಹತ್ತು ಸಾವಿರಕ್ಕೂ ಹೆಚ್ಚು ಬಾರಿ ನೆಲ ಮುಟ್ಟುತ್ತವೆ. ಪ್ರತಿ ಸಲವೂ ಮೈತೂಕದ ಎರಡು ಪಟ್ಟಿಗೂ ಮಿಕ್ಕಿದ ಬಲ ಕಾಲಿನ ಮೇಲೆ ಬೀಳುತ್ತದೆ. ಅದನ್ನು ಇಲ್ಲವಾಗಿಸುವ ಬೂಟು ಇನ್ನೂ ಹುಟ್ಟಿಲ್ಲ. ಹಿಮ್ಮಡಿಯ ಕೆಳಗೆ ಮೆತ್ತೆ ದಪ್ಪವಿದ್ದರೆ ಓಟಗಾರ ಕಾಲು ಚಾಚಿ ಹಿಮ್ಮಡಿಯೂರುತ್ತಾನೆ, ಹೊರೆ ಮೊಣಕಾಲಿಗೆ ಹೆಚ್ಚು ಬೀಳುತ್ತದೆ. ಬರಿಗಾಲಲ್ಲಿ ಮುಂಗಾಲು ಮೊದಲೂರುತ್ತದೆ. ಆಗ ದುಡಿಯುವುದು ಮೀನಖಂಡ ಮತ್ತು ಹಿಮ್ಮಡಿಯ ಸ್ನಾಯುರಜ್ಜು. ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ತಂಡ 2010ರಲ್ಲಿ ತೋರಿಸಿದ್ದು ಇದನ್ನೇ: ಬರಿಗಾಲ ಓಟ ರೂಢಿಯಾದವರು ಬಹುಪಾಲು ಮುಂಗಾಲೂರುತ್ತಾರೆ, ನೆಲ ತಾಗಿದ ಕ್ಷಣದ ಹೊಡೆತ ಅವರಿಗೆ ಕಡಿಮೆ.

ಹಾಗಂತ ಬೂಟು ಬಿಸಾಡಿದವರು ಪಟ್ಟ ಪಾಡೂ ಗೊತ್ತಿದೆ. ಹತ್ತು ವಾರಗಳಲ್ಲಿ ಬೆರಳುಗವಸಿನಂಥ ತೆಳು ಬೂಟಿಗೆ ಬದಲಾದ ಓಟಗಾರರನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿದಾಗ, ಹಲವರ ಪಾದದ ಮೂಳೆಯೊಳಗೆ ಬಾವು ಕಾಣಿಸಿತ್ತು. ಇತ್ತ ಮೆತ್ತೆಯದೂ ನೇರ ಲೆಕ್ಕವಲ್ಲ. 2018ರ ಒಂದು ಅಧ್ಯಯನದಲ್ಲಿ, ತೀರಾ ದಪ್ಪ ಮೆತ್ತೆಯ ಬೂಟು ತೊಟ್ಟು ಓಡಿದಾಗ ಕಾಲು ಇನ್ನಷ್ಟು ಬಿಗಿದುಕೊಂಡು ಹೊಡೆತ ಹೆಚ್ಚೇ ಆಯಿತು. ಆದರೆ ಲಕ್ಸೆಂಬರ್ಗ್‌ನಲ್ಲಿ ಎಂಟುನೂರಕ್ಕೂ ಹೆಚ್ಚು ಜನರನ್ನು ತಿಂಗಳುಗಟ್ಟಲೆ ಗಮನಿಸಿದಾಗ ಗಟ್ಟಿ ಸೋಲಿನವರಿಗೇ ಗಾಯ ಜಾಸ್ತಿ. ಪ್ರಯೋಗಾಲಯದ ನಾಲ್ಕು ಹೆಜ್ಜೆ ಬೇರೆ, ಊರ ರಸ್ತೆಯ ನಾಲ್ಕು ತಿಂಗಳು ಬೇರೆ.

ಕಾರ್ಬನ್ ಪಟ್ಟಿಯ ದುಬಾರಿ ಬೂಟುಗಳು ಶಕ್ತಿಯ ಖರ್ಚನ್ನು ಸುಮಾರು ಶೇ 4ರಷ್ಟು ಉಳಿಸುತ್ತವೆಂದು ಅಳೆದು ತೋರಿಸಿದ್ದಾರೆ. ಸೋಲಿನ ದಪ್ಪ 40 ಮಿಲಿಮೀಟರ್ ಮೀರಬಾರದೆಂದು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲಿ ಮಿತಿ ಹಾಕಿದ್ದೂ ಅವುಗಳಿಂದಲೇ. ಭರ್ತಿಗೆ ಓಡುವ ಹುಡುಗನಿಗೆ ಅವು ಬೇಕಿಲ್ಲ.

ಇಥಿಯೋಪಿಯಾದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ ಮ್ಯಾರಥಾನ್ ಗೆದ್ದದ್ದು ಬರಿಗಾಲಲ್ಲಿ, 1964ರ ಟೋಕಿಯೊದಲ್ಲಿ ಗೆದ್ದದ್ದು ಬೂಟು ತೊಟ್ಟು. ಎರಡೂ ಸಲ ವಿಶ್ವದಾಖಲೆ. ಅವನ ಕಾಲು ವರ್ಷಗಟ್ಟಲೆ ಪಳಗಿತ್ತು. ಹೊಲದ ಬದುವಿನ ಮೇಲೆ ಬರಿಗಾಲಲ್ಲೇ ಬೆಳೆದ ರಾಯಚೂರು ಸೀಮೆಯ ಹುಡುಗನ ಪಾದಕ್ಕೂ ಅಂಥದೊಂದು ಬಲವಿದೆ. ಪರೀಕ್ಷೆಗೆ ವಾರವಿರುವಾಗ ಎತ್ತರದ ಹಿಮ್ಮಡಿಯ ಬೂಟು ಹಾಕಿಸಿದರೆ ಅವನ ಹೆಜ್ಜೆಯೇ ಬದಲಾಗುತ್ತದೆ. ಜಾಲಿಮುಳ್ಳು, ಗಾಜಿನ ಚೂರು, ಕಾದ ಡಾಂಬರು ಇರುವಲ್ಲಿ ಬೂಟು ಬೇಕೇ ಬೇಕು. ಅವನಿಗೆ ಹಗುರಾದ, ಹಿಮ್ಮಡಿ ತಗ್ಗಾದ ಜೋಡಿಯೇ ಲೇಸು. ಚಿಕ್ಕಂದಿನಿಂದ ಬೂಟು ತೊಟ್ಟವನು ಅದನ್ನು ಒಮ್ಮೆಲೇ ಕಳಚಬಾರದು.

ಹೊಸ ಜೋಡಿಯನ್ನು ಪರೀಕ್ಷೆಗೆ ಎರಡು ತಿಂಗಳು ಮೊದಲೇ ಕೊಳ್ಳಿ, ಮೊದಲ ವಾರ ಒಂದೊಂದೇ ಕಿಲೋಮೀಟರ್ ಓಡಿ. ಮೂಳೆಯ ಒಂದೇ ಜಾಗ ಒತ್ತಿದಾಗಲೆಲ್ಲ ನೋಯುತ್ತಿದ್ದರೆ ಓಟ ನಿಲ್ಲಿಸಿ, ವೈದ್ಯರಿಗೆ ತೋರಿಸಿ.